ಕಳ್ಳಿ ಸಿಕ್ಕಳೆಂದು ಎದ್ದು ಹೋಗುವವರಿಗೆ

ರಹಸ್ಯದ ಕತೆ ಕಟ್ಟಿದವನು ಕೊನೆಗೆ ಗಂಟು ಬಿಚ್ಚಿ ತೋರಿಸಲೇಬೇಕು, ತೋರಿಸದಿದ್ದರೆ ಅದು ನೋಡಿದವರಿಗೆ ಮಾಡಿದ ಮೋಸ. ನಮ್ಮ ಕಡೆ ಇದು ಈಗ ಎಲ್ಲರೂ ಒಪ್ಪಿ ಕೂತ ಮಾತು. ವಿಜಯಪುರದ ಗಾಂಧಿ ಚೌಕದ ಚಹಾದಂಗಡಿಯಲ್ಲಿ ಕೇಳಿ, ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೆಲಸ ಮುಗಿಸಿ ಮೊಬೈಲ್ ಹಿಡಿದು ಕೂಡುವ ಹುಡುಗರನ್ನು ಕೇಳಿ, ಬಬಲೇಶ್ವರದಿಂದ ದಿನಾ ಬಸ್ಸಿಗೆ ಬಂದು ಕಾಲೇಜು ಕಲಿಯುವ ಹುಡುಗಿಯರನ್ನು ಕೇಳಿ. "ಕಡೀಕ ಯಾರು ಅಂತ ಹೇಳಲೇ ಇಲ್ಲಲ್ರಿ, ಮತ್ತ ಯಾಕ ನೋಡಬೇಕಿತ್ತು?" ಎನ್ನುತ್ತಾರೆ. ಹೆಚ್ಚು ಓದಿದವರೂ ಹೇಳುವುದು ಇದನ್ನೇ, ಮಾತು ಮಾತ್ರ ಬೇರೆ: ಲೇಖಕನಿಗೆ ಮುಗಿಸಲು ಬರಲಿಲ್ಲ, ಅದಕ್ಕೆ ಅರ್ಥವನ್ನು ನಮ್ಮ ತಲೆಗೆ ಕಟ್ಟಿ ಹೋದ. ಅಂಥ ಧಾರಾವಾಹಿ ಮುಗಿದ ಮರುಗಳಿಗೆಗೇ ಯೂಟ್ಯೂಬಿನಲ್ಲಿ ಅದರ ಕೊನೆಯನ್ನು ಹತ್ತು ನಿಮಿಷದಲ್ಲಿ ವಿವರಿಸಿ ಕೊಡುವವರು ಸಿಗುತ್ತಾರೆ. ನೋಡಿದವರು ಅದನ್ನು ಕೇಳಿ, ಸಮಾಧಾನಪಟ್ಟು, ಮುಂದಿನದಕ್ಕೆ ಹೋಗುತ್ತಾರೆ.

ಈ ಒಪ್ಪಿತ ಮಾತು ತಪ್ಪು ಎಂದು ನಾನು ವಾದಿಸಲು ಹೊರಟಿದ್ದೇನೆ. ಬರೀ ಅಭಿರುಚಿಯ ಪ್ರಶ್ನೆಯಾಗಿದ್ದರೆ ಅವರವರ ಇಷ್ಟ ಎಂದು ಬಿಡಬಹುದಿತ್ತು. ಆದರೆ ಈ ಹಟದೊಳಗೆ ಒಂದು ಅನ್ಯಾಯವಿದೆ. ಯಾರು ಮಾಡಿದರು ಎಂಬುದಕ್ಕೆ ಉತ್ತರ ಸಿಕ್ಕ ಕೂಡಲೇ, ಯಾರಿಗೆ ಆಯಿತೋ ಅವರನ್ನು ಮರೆತು ಎದ್ದು ಹೋಗಲು ನಮಗೆ ಪರವಾನಿಗೆ ಸಿಕ್ಕಂತಾಗುತ್ತದೆ. ಸತ್ತವರು, ಕಳೆದುಹೋದವರು, ಬಾಯಿಲ್ಲದವರು ಕತೆಯ ಬಂಡವಾಳವಾಗಿ ಬಂದು, ಕಳ್ಳ ಸಿಕ್ಕ ಮೇಲೆ ಯಾರಿಗೂ ಬೇಡವಾಗುತ್ತಾರೆ.

ಕನ್ನಡದಲ್ಲಿ ಇದನ್ನು ಪರೀಕ್ಷಿಸಿ ನೋಡಲು ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ಕ್ಕಿಂತ ತಕ್ಕ ಕೃತಿ ನನಗೆ ಕಾಣುವುದಿಲ್ಲ. ಅದು ರಂಗಕ್ಕೆ ಬರೆದದ್ದು ನಿಜ. ಆದರೆ ನಡೆಯುವುದು ಟಿವಿ ಸ್ಟುಡಿಯೋದಲ್ಲಿ, ನಾಯಕಿಯ ಎದುರಾಳಿ ಟಿವಿ ತೆರೆ, ಇನ್ನೇನು ಪ್ರಸಾರವಾಗಬೇಕಾದದ್ದು ಒಂದು ಟೆಲಿಫಿಲ್ಮು. ಟಿವಿ ನೋಡುವ ನಮ್ಮ ಅಭ್ಯಾಸವನ್ನೇ ಒಳಗಿಟ್ಟುಕೊಂಡು ಹೆಣೆದ ರಹಸ್ಯ ನಾಟಕ ಅದು. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಕಾರ್ನಾಡರೂ ಕೆ.ಎಂ. ಚೈತನ್ಯ ಅವರೂ ಕೂಡಿ ಇದನ್ನು ಎರಡು ಭಾಷೆಗಳಲ್ಲಿ ಆಡಿಸಿದರು. ಕನ್ನಡದಲ್ಲಿ ಅರುಂಧತಿ ನಾಗ್, ಇಂಗ್ಲಿಷಿನಲ್ಲಿ ಅರುಂಧತಿ ರಾಜಾ. ಎರಡೂ ಭಾಷೆಯ ಪಠ್ಯ ಕಾರ್ನಾಡರವೇ.

ಮಂಜುಳಾ ನಾಯಕ್ ಕನ್ನಡದ ಕತೆಗಾರ್ತಿ, ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ಒಮ್ಮೆಗೇ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಹೊರದೇಶಗಳಲ್ಲೂ ಹೆಸರು, ದುಡ್ಡು ಗಳಿಸಿದ್ದಾಳೆ. ಆ ಕಾದಂಬರಿಯ ಟೆಲಿಫಿಲ್ಮ್ ತೋರಿಸುವ ಮುಂಚೆ ನಾಲ್ಕು ಮಾತಾಡಲು ಸ್ಟುಡಿಯೋಕ್ಕೆ ಬಂದಿದ್ದಾಳೆ. ಇಂಗ್ಲಿಷಿನಲ್ಲಿ ಯಾಕೆ ಬರೆದೆ ಎಂದು ಸಮಜಾಯಿಷಿ ಕೊಡುತ್ತಾಳೆ. ಹುಟ್ಟಿನಿಂದ ಅಂಗವಿಕಲಳಾಗಿ ಗಾಲಿಕುರ್ಚಿಯಲ್ಲೇ ಬದುಕು ಕಳೆದು ತೀರಿಹೋದ ತಂಗಿ ಮಾಲಿನಿಯ ನೆನಪೇ ಈ ಪುಸ್ತಕ ಬರೆಸಿತು ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಭಾಷಣ ಮುಗಿಯುತ್ತದೆ. ಎದ್ದು ಹೊರಡಬೇಕು, ಆದರೆ ತೆರೆಯ ಮೇಲಿನ ಅವಳ ಚಿತ್ರ ಆರುವುದಿಲ್ಲ. ಆ ಚಿತ್ರ ಅವಳನ್ನು ಮಾತಿಗೆಳೆಯುತ್ತದೆ. ಮೊದಲು ಗೆಳತಿಯ ಹಾಗೆ, ಆಮೇಲೆ ವಕೀಲನ ಹಾಗೆ. ಪದರು ಪದರಾಗಿ ಹೊರಬೀಳುವ ಸಂಗತಿ ಏನೆಂದರೆ, ಕಾದಂಬರಿ ಬರೆದವಳು ಮಾಲಿನಿ. ಮಂಜುಳಾ ಅದರ ಬೆರಳಚ್ಚಿನ ಪ್ರತಿಯನ್ನು ತನ್ನದೆಂದು ನಡೆಸಿಬಿಟ್ಟಿದ್ದಾಳೆ. ಮಾಲಿನಿಗೂ ಮಂಜುಳೆಯ ಗಂಡ ಪ್ರಮೋದನಿಗೂ ನಡುವೆ ಒಂದು ಹತ್ತಿರದ ನಂಟಿತ್ತು. ಅವನೀಗ ಅಮೆರಿಕದಲ್ಲಿದ್ದಾನೆ.

ಇಷ್ಟಕ್ಕೇ ತೆರೆ ಬಿದ್ದಿದ್ದರೆ ಎಲ್ಲರಿಗೂ ತೃಪ್ತಿಯಾಗುತ್ತಿತ್ತು. ಕಳವು, ಕಳ್ಳಿ, ತಪ್ಪೊಪ್ಪಿಗೆ ಮೂರೂ ಸಿಕ್ಕವು. ಆದರೆ ಕಾರ್ನಾಡರು ನಾಟಕವನ್ನು ತಪ್ಪೊಪ್ಪಿಗೆಯ ಆಚೆಗೆ ಎಳೆಯುತ್ತಾರೆ. ತೆರೆಯ ಮೇಲಿನವಳು ಈಗ ತಾನು ಮಂಜುಳಾ ಅಲ್ಲವೇ ಅಲ್ಲ, ತಾನೇ ಮಾಲಿನಿ ಎನ್ನುತ್ತಾಳೆ. ತನ್ನ ಕಾದಂಬರಿ ಓದಿದ ಗಳಿಗೆಗೇ ಮಂಜುಳಾ ಇಲ್ಲವಾದಳು ಎಂಬ ಧಾಟಿಯಲ್ಲಿ ಮಾತಾಡುತ್ತಾಳೆ. ಮುಖ ಅದೇ, ದನಿ ಅದೇ. ಮಾತಾಡುತ್ತಿರುವವಳು ಯಾರು?

ಇಲ್ಲಿಯೇ ಜನ ಸಿಟ್ಟಾಗುವುದು. ಈ ಸಿಟ್ಟನ್ನು ತಣಿಸಲು ತಯಾರಾದ ಎರಡು ವಿವರಣೆಗಳು ತರಗತಿಗಳಲ್ಲಿ, ವಿಚಾರಗೋಷ್ಠಿಗಳಲ್ಲಿ ಓಡಾಡುತ್ತವೆ. ತೆರೆಯ ಮೇಲಿನದು ಆತ್ಮಸಾಕ್ಷಿ, ತಪ್ಪು ಮಾಡಿದವಳಿಗೆ ಆತ್ಮಸಾಕ್ಷಿ ಶಿಕ್ಷೆ ಕೊಟ್ಟಿತು ಎನ್ನುವುದು ಒಂದು. ಅವಳಿಗೆ ಮತಿಭ್ರಮೆಯಾಯಿತು ಎನ್ನುವುದು ಇನ್ನೊಂದು. ಎರಡಕ್ಕೂ ವಿದ್ಯಾರ್ಥಿಗಳು ಅಡಿಗೆರೆ ಎಳೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಎರಡೂ ನಾಟಕವನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವ ವಿವರಣೆಗಳು.

ಆತ್ಮಸಾಕ್ಷಿಯ ಮಾತನ್ನೇ ತೆಗೆದುಕೊಳ್ಳೋಣ. ಆತ್ಮಸಾಕ್ಷಿಯ ಕೆಲಸ ತಪ್ಪೊಪ್ಪಿಸುವುದು. ಒಪ್ಪಿಸಿದ ಮೇಲೆ ಅದರ ಕೆಲಸ ಮುಗಿಯಿತು. ಹಾಗಿದ್ದರೆ ತೆರೆಯ ಮೇಲಿನವಳು ಅಲ್ಲಿಗೆ ಯಾಕೆ ಸುಮ್ಮನಾಗುವುದಿಲ್ಲ? ಯಾಕೆ ಸತ್ತವಳ ಹೆಸರನ್ನೇ ಹೊದ್ದುಕೊಳ್ಳುತ್ತಾಳೆ? ಹುಚ್ಚು ಹಿಡಿಯಿತು ಎನ್ನುವವರಿಗೂ ಒಂದು ಪ್ರಶ್ನೆಯಿದೆ. ಹುಚ್ಚಿನ ಮಾತಿಗೆ ಹೊಣೆ ಇರುವುದಿಲ್ಲ. ಹಾಗಾದರೆ ಅದಕ್ಕಿಂತ ಐದು ನಿಮಿಷ ಮೊದಲು ಬಂದ ತಪ್ಪೊಪ್ಪಿಗೆಯನ್ನು ಮಾತ್ರ ಪೂರ್ತಿ ಸತ್ಯವೆಂದು ಯಾವ ಆಧಾರದ ಮೇಲೆ ನಂಬಿದಿರಿ? ಬೇಕಾದಲ್ಲಿ ನಂಬಿ, ಬೇಡವಾದಲ್ಲಿ ಹುಚ್ಚೆನ್ನುವುದು ನ್ಯಾಯವಲ್ಲ.

ಆ ಕೊನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾಟಕವನ್ನು ಮೊದಲಿನಿಂದ ಮತ್ತೆ ನೋಡಬೇಕು. ನೋಡಿದವರಿಗೆ ಮೊದಲ ಸಲ ಕಣ್ಣಿಗೆ ಬೀಳದ ಒಂದು ಸಂಗತಿ ಹೊಳೆಯುತ್ತದೆ. ಮಾಲಿನಿಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಮಂಜುಳೆಯ ಬಾಯಿಂದ, ಇಲ್ಲವೇ ಮಂಜುಳೆಯ ಮುಖ ಹೊತ್ತ ಚಿತ್ರದ ಬಾಯಿಂದ ಬಂದದ್ದು. ಮಾಲಿನಿ ಜಾಣೆ ಎಂದು ಹೇಳಿದವಳು ಅವಳು. ಅಪ್ಪ ಅಮ್ಮನ ಪ್ರೀತಿಯೆಲ್ಲ ಮಾಲಿನಿಗೇ ಹೋಯಿತು ಎಂದವಳೂ ಅವಳೇ. ಗಂಡನೊಂದಿಗಿನ ನಂಟಿನ ಕತೆಯೂ ಅವಳದೇ. ಮಾಲಿನಿ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಅವಳ ಒಂದೇ ಒಂದು ಸ್ವಂತ ದನಿ ಎಂದರೆ ಆ ಕಾದಂಬರಿ. ಅದರಲ್ಲಿ ನಾಯಕಿಯನ್ನು ಕಾಡುವ ಒಬ್ಬ ಕೆಟ್ಟ ಬಂಧು ಇದ್ದಾಳೆ, ಆ ಪಾತ್ರ ತನ್ನದೇ ಎಂದು ಮಂಜುಳೆಗೆ ಗೊತ್ತಾಗುತ್ತದೆ. ಅಕ್ಕನ ಆರೈಕೆಯಲ್ಲಿ ಬದುಕಿದ ತಂಗಿ ಅಕ್ಕನನ್ನು ಹೇಗೆ ಕಂಡಿದ್ದಳು ಎಂಬುದಕ್ಕೆ ಉಳಿದ ಕುರುಹು ಅಷ್ಟೇ. ಅದನ್ನೂ ಕಾದಂಬರಿಯ ಪುಟದಿಂದ ನಾವು ಓದುವುದಿಲ್ಲ, ಮಂಜುಳಾ ಹೇಳಿದ್ದನ್ನು ಕೇಳುತ್ತೇವೆ. ಟೆಲಿಫಿಲ್ಮನ್ನೂ ನಮಗೆ ತೋರಿಸುವುದಿಲ್ಲ.

ಈಗ ಕೊನೆಯ ತಿರುವಿಗೆ ಬನ್ನಿ. ತೆರೆಯ ಮೇಲಿನವಳು ನಾನೇ ಮಾಲಿನಿ ಎಂದಾಗ ಆದದ್ದೇನು? ದನಿ ಕಳೆದುಕೊಂಡಿದ್ದವಳಿಗೆ ಕೊನೆಗೂ ಮಾತು ಸಿಕ್ಕಿತೆ? ಕದ್ದ ಅಕ್ಕನ ಮೈಯನ್ನೇ ಹಿಡಿದು ತಂಗಿ ತನ್ನ ಪುಸ್ತಕ ತಾನು ಮರಳಿ ಪಡೆದಳೆ? ಅಥವಾ ಇದು ಎರಡನೆಯ ಕಳವೆ? ಮೊದಲು ಪುಸ್ತಕ ಕದ್ದವಳು ಈಗ ಹೆಸರನ್ನೂ, ಸಾವನ್ನೂ, ನೋವನ್ನೂ ಕದ್ದು, ನಾನೇ ಅವಳು ಎಂದು ಹೇಳಿ ಕಳ್ಳಿ ಎಂಬ ಹಣೆಪಟ್ಟಿಯಿಂದ ಪಾರಾಗುತ್ತಿದ್ದಾಳೆಯೆ? ನಾನೇ ಮಾಲಿನಿ ಎಂದಾದರೆ ಕದ್ದದ್ದೇ ಇಲ್ಲವಲ್ಲ.

ಮೊದಲನೆಯದನ್ನು ಒಪ್ಪಿದರೆ ನಾಟಕ ಸೇಡಿನ ಕತೆ. ಎರಡನೆಯದನ್ನು ಒಪ್ಪಿದರೆ ಅಸಹ್ಯ ಹುಟ್ಟಿಸುವ ಅಪಹರಣದ ಕತೆ. ನಾಟಕದ ಒಳಗಿರುವ ಸಾಕ್ಷ್ಯ ಎರಡನ್ನೂ ಸಮನಾಗಿ ಹೊರುತ್ತದೆ. ಬೇರೊಬ್ಬರು ಸಾಕ್ಷಿ ಹೇಳುವವರಿಲ್ಲ, ಯಾಕೆಂದರೆ ರಂಗದ ಮೇಲಿರುವುದು ಒಬ್ಬಳೇ ನಟಿ ಮತ್ತು ಅವಳದೇ ಚಿತ್ರ. ಉತ್ತರ ಕೊಡದಿರುವುದು ಇಲ್ಲಿ ಸೋಮಾರಿತನವಾಗಲು ಸಾಧ್ಯವಿಲ್ಲ. ಮಾಲಿನಿಯಂಥವರ ಪರವಾಗಿ ಬೇರೆಯವರು ಮಾತಾಡುವಾಗ ಅದು ನ್ಯಾಯವೋ ಕಳವೋ ಎಂಬುದು ನಿಜವಾಗಿಯೂ ತೀರದ ಪ್ರಶ್ನೆ. ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಂಡ ಮನೆಗಳಲ್ಲಿ ಇದು ಗೊತ್ತಿರುವ ಸಂಗತಿ. ಕಾರ್ನಾಡರು ಒಂದು ಕಡೆಗೆ ತೀರ್ಪು ಕೊಟ್ಟಿದ್ದರೆ ಸುಳ್ಳು ಹೇಳಿದಂತಾಗುತ್ತಿತ್ತು.

ಇದಕ್ಕೆ ಎದುರಾಗಿ ಬರುವ ವಾದಗಳಲ್ಲಿ ಒಂದನ್ನು ನಾನು ಹಗುರಾಗಿ ನೋಡಲಾರೆ. ನಿಜ ಜೀವನದಲ್ಲಿ ಯಾವುದಕ್ಕೂ ಉತ್ತರ ಸಿಗುವುದಿಲ್ಲ, ಟಿವಿಯಲ್ಲಾದರೂ ಸಿಗಲಿ ಎನ್ನುವವರ ವಾದ ಅದು. ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರನ್ನೇ ನೋಡಿ, ನಮ್ಮ ಜಿಲ್ಲೆಯ ಯರಗಲ್ ಊರಿನವರು. 2015ರ ಆಗಸ್ಟ್ 30ರಂದು ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ತನಿಖೆ, ಆರೋಪಪಟ್ಟಿ, ವಿಚಾರಣೆ ಎಂದು ವರ್ಷಗಳೇ ಉರುಳಿದವು. ಇಂಥದ್ದನ್ನು ಕಂಡ ಜಿಲ್ಲೆಯವರು ರಾತ್ರಿ ಟಿವಿ ಹಚ್ಚಿ, ಇಲ್ಲಾದರೂ ಕೊಲೆಗಾರ ಸಿಗಲಿ ಎಂದು ಬಯಸಿದರೆ ಅದನ್ನು ತಪ್ಪೆಂದು ನಾನು ಹೇಗೆ ಅನ್ನಲಿ?

ಆದರೆ ಆ ಬಯಕೆಯನ್ನು ತೀರಿಸಬೇಕಾದದ್ದು ನ್ಯಾಯಾಲಯ. ಅಲ್ಲಿ ಯಾರು ಎಂಬುದಕ್ಕೆ ಖಚಿತ ಉತ್ತರ ಬರಲೇಬೇಕು, ತಡವಾದಷ್ಟೂ ಅನ್ಯಾಯ. ಅಲ್ಲಿ ಸಿಗದ ಉತ್ತರವನ್ನು ಧಾರಾವಾಹಿಯಲ್ಲಿ ಪಡೆದು ಸಮಾಧಾನವಾದರೆ ಲಾಭ ಯಾರಿಗೆ? ಸಿಟ್ಟು ತಣ್ಣಗಾಯಿತು, ನಿದ್ದೆ ಬಂತು, ಅಷ್ಟೇ. ಇನ್ನೂ ಒಂದು ಮಾತು. ಕಲಬುರ್ಗಿಯವರ ಬಗ್ಗೆ ನಡೆದ ಮಾತುಕತೆಯಲ್ಲಿ ಹೆಚ್ಚಿನದು ಕೊಂದವರ ಬಗ್ಗೆ. ‘ಮಾರ್ಗ’ ಸಂಪುಟಗಳಲ್ಲಿ ಅವರು ಶಾಸನ, ವಚನ, ಊರ ಹೆಸರುಗಳ ಬಗ್ಗೆ ಮಾಡಿದ ಕೆಲಸವನ್ನು ಆ ಗದ್ದಲದಲ್ಲಿ ಎಷ್ಟು ಜನ ತೆರೆದು ನೋಡಿದರು? ಕೊಂದವನ ಹೆಸರಿಗಾಗಿ ಕಾಯುವ ಮನಸ್ಸು ಕೊಲೆಯಾದವನ ಬದುಕಿನ ಕಡೆ ತಿರುಗುವುದನ್ನು ಕಲಿಯಬೇಕು. ಅದನ್ನು ಕಲಿಸಬಲ್ಲದ್ದು ಕೋರ್ಟಲ್ಲ, ನಾಟಕ.

ಉತ್ತರ ಸಿಕ್ಕ ಮೇಲೆ ಸತ್ತವರನ್ನು ಮರೆತುಬಿಡುತ್ತೇವೆ ಎಂಬುದಕ್ಕೆ ಟಿವಿಯ ಇತಿಹಾಸದಲ್ಲೇ ದೊಡ್ಡ ಸಾಕ್ಷಿಯಿದೆ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಕಟ್ಟಿದ ‘ಟ್ವಿನ್ ಪೀಕ್ಸ್’ 1990ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾಯಿತು. ಲಾರಾ ಪಾಮರ್ ಎಂಬ ಶಾಲಾ ಹುಡುಗಿಯ ಹೆಣ ನೀರಿನ ದಂಡೆಗೆ ಬಂದು ಬಿದ್ದಿರುತ್ತದೆ. ಕೊಂದವರು ಯಾರು ಎಂದು ದೇಶವೇ ಕೇಳುತ್ತಿತ್ತು. ಆ ಪ್ರಶ್ನೆಗೆ ಬೇಗ ಉತ್ತರ ಕೊಡುವ ಉದ್ದೇಶ ಲಿಂಚ್‌ಗೆ ಇರಲಿಲ್ಲ. ವಾಹಿನಿ ಒತ್ತಡ ಹಾಕಿತು. ಎರಡನೆಯ ಸೀಸನ್ನಿನ ನಡುವೆ ಉತ್ತರ ಕೊಟ್ಟರು: ಕೊಂದವನು ಅವಳ ಅಪ್ಪನೇ. ಮನೆಯೊಳಗೆ ವರ್ಷಗಟ್ಟಲೆ ಹಿಂಸೆಗೆ ಒಳಗಾದ ಮಗಳ ಕತೆ ಅಲ್ಲಿಂದ ಶುರುವಾಗಬೇಕಿತ್ತು. ಆದದ್ದೇ ಬೇರೆ. ಉತ್ತರ ಸಿಕ್ಕಿತಲ್ಲ ಎಂದು ಜನ ಕೈಬಿಟ್ಟರು, ನೋಡುಗರ ಸಂಖ್ಯೆ ಇಳಿಯುತ್ತ ಹೋಯಿತು, 1991ರ ಜೂನ್‌ನಲ್ಲಿ ಧಾರಾವಾಹಿ ನಿಂತಿತು. ಉತ್ತರ ಕೊಟ್ಟರೆ ನೋಡುಗರಿಗೆ ನ್ಯಾಯ ಸಿಗುತ್ತದೆ ಎಂದವರೇ ಉತ್ತರ ಸಿಕ್ಕ ಮೇಲೆ ಲಾರಾಳನ್ನು ಬಿಟ್ಟು ಹೋದರು. 1992ರಲ್ಲಿ ಲಿಂಚ್ ಅವಳ ಬದುಕಿನ ಕೊನೆಯ ದಿನಗಳ ಬಗ್ಗೆಯೇ ಒಂದು ಸಿನಿಮಾ ಮಾಡಿದಾಗಲೂ ಬಹುತೇಕ ವಿಮರ್ಶಕರು ಹಳಿದರು. ಅದರ ಬೆಲೆ ಗೊತ್ತಾದದ್ದು ತಡವಾಗಿ. 2017ರಲ್ಲಿ 18 ಭಾಗಗಳಲ್ಲಿ ಧಾರಾವಾಹಿ ಮರಳಿ ಬಂದಾಗ ಲಿಂಚ್ ಯಾವ ಒತ್ತಡಕ್ಕೂ ಮಣಿಯಲಿಲ್ಲ. ಕೊನೆಯಲ್ಲಿ ಲಾರಾಳನ್ನೇ ಹೋಲುವ ಹೆಂಗಸು ಆ ಹಳೆಯ ಮನೆಯ ಮುಂದೆ ನಿಂತು ಚೀರುತ್ತಾಳೆ, ದೀಪ ಆರುತ್ತದೆ. ಆ ಚೀರುವಿಕೆಗೆ ಅರ್ಥ ಹೇಳುವವರು ಇಂದಿಗೂ ಇದ್ದಾರೆ, ಆದರೆ ಈ ಸಲ ಅವಳನ್ನು ಬಿಟ್ಟು ಎದ್ದು ಹೋಗಲು ಯಾರಿಗೂ ಸಾಧ್ಯವಾಗಿಲ್ಲ.

ಹಾಗೆಂದು ಕೊನೆ ಹೇಳದ ಎಲ್ಲವನ್ನೂ ನಾನು ಸಮರ್ಥಿಸುತ್ತಿಲ್ಲ. ಅರ್ಧಕ್ಕೆ ನಿಂತದ್ದು ಬೇರೆ, ತೀರ್ಪು ಕೊಡದೆ ಮುಗಿದದ್ದು ಬೇರೆ. ನಮ್ಮೂರಿನ ಬಾರಾ ಕಮಾನ್, ಅದನ್ನು ಕಟ್ಟಿಸುತ್ತಿದ್ದ ಎರಡನೆಯ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡಾಗ ಹೇಗಿತ್ತೋ ಹಾಗೇ ನಿಂತಿತು. ಅದನ್ನು ಯಾರೂ ಮುಗಿದ ಕಟ್ಟಡ ಎನ್ನುವುದಿಲ್ಲ. ಟಿ.ಎನ್. ಸೀತಾರಾಂ ಅವರ ‘ಮಗಳು ಜಾನಕಿ’ 2020ರ ಕೊರೊನಾ ದಿನಗಳಲ್ಲಿ ನಡುವೆಯೇ ನಿಂತಾಗ ನೋಡುಗರು ಪಟ್ಟ ಬೇಸರವೂ ಆ ಬಗೆಯದು, ಅದು ಸರಿಯಾದ ಬೇಸರ. ಇನ್ನು ಟಿಆರ್‌ಪಿ ಬರುವವರೆಗೆ ರಹಸ್ಯ ಎಳೆದು, ಹೋದ ವಾರ ಹೇಳಿದ್ದನ್ನು ಈ ವಾರ ಅಳಿಸಿ, ಸತ್ತವರನ್ನು ಅವಳಿ ತಂಗಿಯ ರೂಪದಲ್ಲಿ ಎಬ್ಬಿಸಿ, ಕೊನೆಗೆ ದಾರಿ ಕಾಣದೆ ಎಲ್ಲವನ್ನೂ ಮಬ್ಬಾಗಿ ಬಿಟ್ಟು ಓಡಿಹೋಗುವ ಧಾರಾವಾಹಿಗಳಿವೆ. ಅವು ಮೋಸವೇ. ಅಲ್ಲಿ ಕಟ್ಟಿದವರಿಗೇ ತಮ್ಮ ಕತೆ ಗೊತ್ತಿರುವುದಿಲ್ಲ.

ಎರಡನ್ನೂ ಬೇರೆ ಮಾಡುವುದು ಕಷ್ಟದ ಕೆಲಸವೇನಲ್ಲ. ಕೊನೆ ನೋಡಿದ ಮೇಲೆ ಮೊದಲಿನ ಕಂತಿಗೆ ಹಿಂದಿರುಗಿ. ಅಲ್ಲಿನ ಮಾತು, ಸುಮ್ಮನಿದ್ದ ಗಳಿಗೆ, ಒಂದು ನೋಟ ಈಗ ಹೊಸ ಭಾರ ಹೊತ್ತು ಕಂಡರೆ ಕಟ್ಟಿದವರು ಪ್ರಾಮಾಣಿಕರು. ‘ಒಡಕಲು ಬಿಂಬ’ದ ಮೊದಲ ಭಾಷಣದಲ್ಲಿ ತಂಗಿಯ ನೆನಪಿಗೆ ಕಣ್ಣೊರೆಸಿಕೊಳ್ಳುವ ಮಂಜುಳೆಯನ್ನು ಎರಡನೆಯ ಸಲ ನೋಡಿದಾಗ ಆ ಕಣ್ಣೀರು ನಟನೆ ಎಂದು ಹೇಳಲೂ ಆಗುವುದಿಲ್ಲ, ನಿಜ ಎನ್ನಲೂ ಆಗುವುದಿಲ್ಲ. ಕದ್ದವಳಿಗೂ ತಂಗಿ ಸತ್ತ ದುಃಖ ಇರಬಹುದು. ಹಿಂದಿರುಗಿ ನೋಡಿದಾಗ ಮೊದಲಿನದ್ದು ಕೊನೆಗೆ ಹೊಂದದೆ ಬರೀ ತಪ್ಪುಗಳೇ ಕಂಡರೆ ಅದನ್ನು ಬೈಯಿರಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬಗ್ಗೆಯೂ ಒಂದು ಮಾತು ಹೇಳಬೇಕು. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು ಅವರು ಸಾಮಾನ್ಯ ಜನರಿಗೆ ಕನ್ನಡ ಓದುವ ಚಟ ಹಿಡಿಸಿದರು. ಅಲ್ಲಿ ಕಳ್ಳ ಸಿಗಲೇಬೇಕು, ಸಿಗುತ್ತಾನೆ. ಆ ಕಾದಂಬರಿಗಳು ಓದುಗನೊಂದಿಗೆ ಮಾಡಿಕೊಂಡ ಒಪ್ಪಂದವೇ ಅದು, ಅದನ್ನು ಅವು ಉಳಿಸಿಕೊಂಡವು. ನನ್ನ ತಕರಾರು ಅವುಗಳ ಮೇಲಲ್ಲ. ಒಂದು ಬಗೆಯ ಕತೆಯ ಕರಾರನ್ನು ಎಲ್ಲ ಕತೆಗಳ ಮೇಲೂ ಕಾನೂನಿನಂತೆ ಹೇರುವವರ ಮೇಲೆ.

ಈಗ ಎಲ್ಲಕ್ಕಿಂತ ಕೆಟ್ಟ ವಾದಕ್ಕೆ ಬರುತ್ತೇನೆ. ಇದು ನೋಡುಗರಿಂದ ಬರುವುದಲ್ಲ, ಅವರ ಹೆಸರಿನಲ್ಲಿ ಮಾತಾಡುವವರಿಂದ ಬರುವುದು. "ಅಂಥವೆಲ್ಲ ಬೆಂಗಳೂರಿನಾಗ ನಡೀತಾವ್ರಿ, ನಮ್ಮ ಮಂದಿಗೆ ಬಿಡಿಸಿ ಹೇಳದಿದ್ರ ತಿಳಿಯೂದಿಲ್ಲ" ಎಂದು ಇಲ್ಲಿಯವರೇ, ಅದೂ ನಾಟಕ ಆಡಿಸುವವರು, ಕಾಲೇಜಿನಲ್ಲಿ ಕಲಿಸುವವರು ಹೇಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಯಾವ ಮಂದಿ? ಜಾತ್ರೆಯ ರಾತ್ರಿ ಹರದೇಶಿ–ನಾಗೇಶಿ ಮೇಳಗಳನ್ನು ಎದುರುಬದುರು ಕೂಡಿಸಿ ಬೆಳತನಕ ಗೀಗೀ ಪದ ಕೇಳಿದ ಮಂದಿಯೆ? ಅಲ್ಲಿ ಒಂದು ಮೇಳ ಹರನ ಪರ, ಗಂಡಿನ ಪರ. ಇನ್ನೊಂದು ಶಕ್ತಿಯ ಪರ, ಹೆಣ್ಣಿನ ಪರ. ಡಪ್ಪು, ತುಂತುಣಿ ಹಿಡಿದು ಒಬ್ಬರು ಸವಾಲು ಎಸೆಯುತ್ತಾರೆ, ಇನ್ನೊಬ್ಬರು ಜವಾಬು ಹೇಳಿ ಮರುಸವಾಲು ಎಸೆಯುತ್ತಾರೆ. ಪುರಾಣ, ಒಗಟು, ಬೈಗುಳ, ವೇದಾಂತ ಎಲ್ಲ ಬರುತ್ತದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಪ್ರಶ್ನೆ ಬೆಳಗಾದರೂ ಒಂದು ಕಡೆಗೆ ವಾಲುವುದಿಲ್ಲ. ಕೇಳಿದವರು ದುಡ್ಡು ವಾಪಸು ಕೇಳಲಿಲ್ಲ. ಮುಂದಿನ ಜಾತ್ರೆಗೆ ಅದೇ ವಾದವನ್ನು ಮತ್ತೆ ಕೇಳಲು ಕಂಬಳಿ ಹಾಸಿ ಕೂತರು. ಈ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣನವರಂಥವರು, ಇಂಥ ಲಾವಣಿಗಳನ್ನು ಕೂಡಿಸಿ 1930ರ ದಶಕದಲ್ಲೇ ‘ಜೀವನ ಸಂಗೀತ’ ಎಂದು ಪುಸ್ತಕ ಮಾಡಿದರು. ತಿಳಿಯದ ಮಂದಿಯ ಹಾಡೆಂದು ಅವರಿಗೆ ಅನಿಸಲಿಲ್ಲ.

ಅಲ್ಲಮನ ಬೆಡಗಿನ ವಚನಗಳನ್ನು ಬಾಯಿಪಾಠ ಮಾಡಿದ ನೆಲವೂ ಇದೇ. ಅವಕ್ಕೆ ಹಿಂದಿನವರು ಟೀಕೆ ಬರೆದರು. ಒಬ್ಬರ ಟೀಕೆ ಇನ್ನೊಬ್ಬರದನ್ನು ಒಪ್ಪದೇ ಇರಬಹುದು, ಆದರೂ ವಚನ ಅಲ್ಲಿಗೆ ಮುಗಿಯಿತೆಂದು ಯಾರೂ ಗ್ರಂಥ ಕಟ್ಟಿ ಮೇಲಿಡಲಿಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ತಾಳೆಗರಿ ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿ, ಆಮೇಲೆ ತಮ್ಮದೇ ಮುದ್ರಣಾಲಯ ನಡೆಸಿದಾಗ ಓದುಗರ ಕೈಗೆ ಇಟ್ಟದ್ದರಲ್ಲಿ ಈ ಬಿಡಿಸಲಾಗದ ವಚನಗಳೂ ಇದ್ದವು. ಜನಕ್ಕೆ ತಿಳಿಯುವುದಿಲ್ಲ ಎಂದು ಅವರು ಅವನ್ನು ತೆಗೆದಿಡಲಿಲ್ಲ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ನಾಟಕಕ್ಕೆ ರಾತ್ರಿಯಿಡೀ ಕೂತವರಿಗೆ ಮಹಾಭಾರತದ ಕತೆಯ ಕೊನೆ ಮೊದಲೇ ಗೊತ್ತಿತ್ತು. ಅವರು ಕೊನೆ ತಿಳಿಯಲು ಬಂದವರಲ್ಲ. ಆ ನಾಟಕಕಾರನ ಹೆಸರಿನ ರಂಗಮಂದಿರ ನಮ್ಮ ನಗರದಲ್ಲಿರುವಾಗ ಇಲ್ಲಿಯ ನೋಡುಗರಿಗೆ ಕೊನೆಯೇ ಮುಖ್ಯ ಎಂದು ಹೇಳುವುದು ಈ ಊರನ್ನು ಅರಿಯದ ಮಾತು.

ಕಾರ್ನಾಡರಿಗೂ ಈ ಕೇಳುವ ಪರಂಪರೆ ಚೆನ್ನಾಗಿ ಗೊತ್ತಿತ್ತು. 1988ರ ‘ನಾಗಮಂಡಲ’ದಲ್ಲಿ ಕತೆ ಹೇಳಿ ಮುಗಿಸಿದ ಮೇಲೂ ಕೇಳುಗರು ಒಪ್ಪದೆ ತಕರಾರು ತೆಗೆಯುತ್ತಾರೆ, ಕೊನೆ ಬದಲಾಗುತ್ತದೆ, ಮತ್ತೆ ಬದಲಾಗುತ್ತದೆ.  

ಕತೆಗೆ ಅವಸರದಲ್ಲಿ ಕೊನೆ ಕಟ್ಟಿದರೆ ಏನಾಗುತ್ತದೆ ಎಂದು ತೋರಿಸಲು ನಗರದ ಪಶ್ಚಿಮಕ್ಕಿರುವ ಸಾಠ್ ಕಬರ್ ಸಾಕು. ಸಾಲಾಗಿ ಅರವತ್ತಕ್ಕೂ ಹೆಚ್ಚು ಹೆಂಗಸರ ಗೋರಿಗಳು. ನೋಡಲು ಹೋದವರಿಗೆ ಸಿಗುವುದು ಒಂದೇ ಕತೆ: 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ, ಮರಳಿ ಬರುವುದಿಲ್ಲ ಎಂದು ಜ್ಯೋತಿಷಿಗಳು ಹೇಳಿದ್ದರಿಂದ, ಅಫ್ಜಲ್‌ಖಾನ್ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿ ಕೊಂದ. ಖಾನ್ ಅದೇ ವರ್ಷ ಪ್ರತಾಪಗಡದಲ್ಲಿ ಸತ್ತದ್ದು ಇತಿಹಾಸ. ಹೆಂಡಂದಿರ ಕತೆ ಬಾಯಿಂದ ಬಾಯಿಗೆ ಬಂದ ಐತಿಹ್ಯ. ಆದರೆ ಅದು ಎಷ್ಟು ಬಿಗಿಯಾಗಿ ಮುಚ್ಚಿಕೊಂಡಿದೆ ನೋಡಿ. ಕೊಂದವನು ಸಿಕ್ಕ, ಕಾರಣ ಸಿಕ್ಕಿತು, ಅವನಿಗೆ ಶಿಕ್ಷೆಯೂ ಆಯಿತು. ಇದನ್ನು ಕೇಳಿದವರು ಫೋಟೋ ತೆಗೆದುಕೊಂಡು ಗೋಳಗುಮ್ಮಟದ ಕಡೆ ಹೊರಡುತ್ತಾರೆ. ಅಲ್ಲಿ ಮಲಗಿದವರು ಯಾರ ಮಕ್ಕಳು, ಒಂದೇ ದಿನ ಸತ್ತವರೋ ಬೇರೆ ಬೇರೆ ಕಾಲದವರೋ, ಹೆಂಡತಿಯರೋ ದಾಸಿಯರೋ ಎಂದು ಕೇಳುವವರು ಸಿಗುವುದು ಅಪರೂಪ. ಕತೆ ಮುಗಿದುಹೋಗಿದೆಯಲ್ಲ. ಅರವತ್ತಕ್ಕೂ ಹೆಚ್ಚು ಹೆಂಗಸರು ಒಬ್ಬ ಗಂಡಸಿನ ಕ್ರೌರ್ಯದ ಲೆಕ್ಕಕ್ಕೆ ಅಂಕಿಯಾಗಿ ಉಳಿದರು. ಆ ಕತೆ ‘ಗೊತ್ತಿಲ್ಲ’ ಎಂಬಲ್ಲಿ ನಿಂತಿದ್ದರೆ ನೋಡುವವರು ಗೋರಿಗಳನ್ನು ನೋಡುತ್ತಿದ್ದರು. ಈಗ ಅವರಿಗೆ ಕಾಣುವುದು ಅಫ್ಜಲ್‌ಖಾನ್ ಮಾತ್ರ.

ಮಾಲಿನಿಯನ್ನು ಕಾರ್ನಾಡರು ಈ ಗತಿಯಿಂದ ಉಳಿಸಿದರು. ಕಳ್ಳಿಯನ್ನು ಹಿಡಿದುಕೊಟ್ಟು ನಾಟಕ ಮುಗಿಸಿದ್ದರೆ ನಾವು ಮಂಜುಳೆಯನ್ನು ಬೈಯುತ್ತ, ಇಲ್ಲವೇ ಅವಳಿಗೆ ಮರುಗುತ್ತ ಮನೆಗೆ ಹೋಗುತ್ತಿದ್ದೆವು. ಮಾಲಿನಿ ಗಾಲಿಕುರ್ಚಿಯಲ್ಲಿದ್ದ ಪಾಪದ ಹುಡುಗಿಯಾಗಿ ಅಲ್ಲೇ ಉಳಿಯುತ್ತಿದ್ದಳು. ಈಗ ಹಾಗಾಗುವುದಿಲ್ಲ. ಮಾತಾಡಿದವಳು ಅವಳೋ ಅಲ್ಲವೋ ಎಂದು ಕೇಳಬೇಕಾದರೆ ಅವಳು ಎಂಥವಳಿದ್ದಳು ಎಂದು ಮೊದಲು ಯೋಚಿಸಬೇಕು. ಅಕ್ಕನನ್ನು ಕಾದಂಬರಿಯಲ್ಲಿ ಹಾಗೆ ಚಿತ್ರಿಸಿದವಳು ಬರೀ ಪಾಪದ ಹುಡುಗಿ ಆಗಿರಲಾರಳು. ಅವಳಿಗೆ ಸಿಟ್ಟಿತ್ತು, ಆಸೆಯಿತ್ತು, ಅಕ್ಕನನ್ನು ನೋಯಿಸಬೇಕೆಂಬ ಛಲವೂ ಇದ್ದಿರಬಹುದು. ಇದೆಲ್ಲ ಅವಳಿಗೆ ಸಲ್ಲಬೇಕಾದ ಪೂರ್ತಿ ಮನುಷ್ಯತ್ವ. ಉತ್ತರವಿಲ್ಲದ ಕೊನೆಯಿಂದಾಗಿಯೇ ಅದು ಅವಳಿಗೆ ಸಿಕ್ಕಿತು.

ಅದಕ್ಕೆ ಈ ಭಾಗದ ರಂಗತಂಡಗಳಿಗೂ ಕಾಲೇಜುಗಳಿಗೂ ನನ್ನದೊಂದು ಒತ್ತಾಯವಿದೆ. ಕಂದಗಲ್ ಹನುಮಂತರಾಯ ರಂಗಮಂದಿರದಲ್ಲಿ ಆಗಲಿ, ತಿಕೋಟಾ, ಬಬಲೇಶ್ವರದ ಕಾಲೇಜುಗಳ ಸಭಾಭವನಗಳಲ್ಲಾಗಲಿ ಈ ನಾಟಕ ಆಡಿ. ನಾಟಕ ಮುಗಿದ ಮೇಲೆ ವೇದಿಕೆಗೆ ಹಿರಿಯರೊಬ್ಬರನ್ನು ಕರೆದು ಸಾರಾಂಶ ಹೇಳಿಸಬೇಡಿ. ತರಗತಿಯಲ್ಲಿ ಕಲಿಸುವವರು ಆತ್ಮಸಾಕ್ಷಿ ಎಂಬ ಉತ್ತರವನ್ನು ಹಲಗೆಯ ಮೇಲೆ ಬರೆಯಬೇಡಿ. ಬಬಲೇಶ್ವರದ ಹುಡುಗಿ ಬಸ್ಸಿನಲ್ಲಿ ಗೆಳತಿಯೊಂದಿಗೆ ಅದು ಮಾಲಿನಿಯೇ ಎಂದು ಜಗಳಾಡಲಿ, ಗೆಳತಿ ಅಲ್ಲವೇ ಅಲ್ಲ, ಇನ್ನೊಂದು ಸಲ ಕದ್ದಳು ಎನ್ನಲಿ.

ಉತ್ತರ ತಮಗೆ ಸಿಕ್ಕಿದೆ ಎನ್ನುವ ಹಿರಿಯರಿಗೂ ಒಂದು ಸವಾಲಿದೆ. ನಾಟಕದ ಮೊದಲ ಭಾಷಣವನ್ನು ತೆರೆದು ಇಟ್ಟುಕೊಳ್ಳಿ. ಅದರಲ್ಲಿ ಯಾವ ವಾಕ್ಯ ಮಂಜುಳೆಯದು, ಯಾವುದು ಅವಳು ಮಾಲಿನಿಯಿಂದ ಎತ್ತಿಕೊಂಡದ್ದು, ಬೆರಳಿಟ್ಟು ತೋರಿಸಿ. ತೋರಿಸಲು ಆಗದಿದ್ದರೆ, ಕೊನೆಯಲ್ಲಿ ಮಾತಾಡಿದವಳು ಯಾರೆಂದು ನಮ್ಮ ಮಕ್ಕಳಿಗೆ ಖಚಿತವಾಗಿ ಬರೆಸುವುದನ್ನು ನಿಲ್ಲಿಸಿ.